ಹದಿನೈದು ನಿಮಿಷ ಹಿಂದಿನ ಆಕಾಶ

ಗ್ಲೈಡರ್ ಹಾರಿಸುವವರಿಗೆ ಕರ್ಪೂರ ಬೇಕಾಗುತ್ತಿತ್ತು ಎಂದರೆ ನಮ್ಮೂರ ಕಡೆ ಯಾರೂ ನಂಬುವುದಿಲ್ಲ. ಎಂಬತ್ತರ ದಶಕದಲ್ಲಿ ಕೆಲಸಕ್ಕೆಂದು ಮೆಲ್ಬರ್ನ್‌ಗೆ ಬಂದ ನಾನು ಶನಿವಾರ ಭಾನುವಾರ ಹೊತ್ತು ಕಳೆಯಲು ಗ್ಲೈಡಿಂಗ್ ಕ್ಲಬ್ಬಿನ ಸಹವಾಸಕ್ಕೆ ಬಿದ್ದಿದ್ದೆ. ಅಲ್ಲಿ ಬ್ಯಾರೋಗ್ರಾಫ್ ಎಂಬ ಪುಟ್ಟ ಪೆಟ್ಟಿಗೆ. ಅದರೊಳಗಿನ ಉರುಳೆಗೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಕೆಳಗೆ ಕರ್ಪೂರ ಹಚ್ಚಿ ಮಸಿ ಹಿಡಿಸಬೇಕು. ಹಾರಾಟದುದ್ದಕ್ಕೂ ಸೂಜಿಯೊಂದು ಆ ಮಸಿಯ ಮೇಲೆ ಏರಿದ ಇಳಿದ ಎತ್ತರವನ್ನು ಗೀಚುತ್ತಾ ಹೋಗುತ್ತಿತ್ತು. ನಡುವೆ ಎಲ್ಲೂ ಇಳಿದು ಮತ್ತೆ ಏರಿಲ್ಲ ಎನ್ನುವುದಕ್ಕೆ ಅದೇ ಸಾಕ್ಷಿ. ಹ್ಯಾಂಗರಿನಲ್ಲಿ ಮಂಗಳಾರತಿಯ ಘಮ ಎದ್ದಾಗ ನಾನೊಬ್ಬನೇ ನಗುತ್ತಿದ್ದೆ.

ಸ್ಪರ್ಧೆಯ ಮಾರ್ಗದಲ್ಲಿ ಗೊತ್ತುಮಾಡಿದ ತಿರುವುಗಳಿಗೆ ಹೋಗಿಬಂದದ್ದಕ್ಕೆ ಸಾಕ್ಷಿ ಕ್ಯಾಮೆರಾ. ಹೊರಡುವ ಮೊದಲು ಆ ದಿನದ ಮಾರ್ಗ ಬರೆದ ಹಲಗೆಯ ಫೋಟೊ. ಆಮೇಲೆ ಯಾವುದೋ ರೈಲು ನಿಲ್ದಾಣದ ಮೇಲೋ ಗೋಧಿ ತುಂಬುವ ಕಾಂಕ್ರೀಟ್ ಗೋಪುರದ ಮೇಲೋ ರೆಕ್ಕೆ ವಾಲಿಸಿ ಇನ್ನೊಂದು. ಸಂಜೆ ರೀಲು ತೊಳೆದು, ಕತ್ತರಿಸದೆ, ದೀಪದ ಮೇಜಿನ ಮೇಲೆ ಹರಡಿ ಭೂತಗನ್ನಡಿಯಲ್ಲಿ ನೋಡುತ್ತಿದ್ದರು. ತಪ್ಪು ಕೋನದಿಂದ ತೆಗೆದಿದ್ದರೆ ಅಂಕ ಹೋಯಿತು. 1987ರ ಜನವರಿಯಲ್ಲಿ ವಿಕ್ಟೋರಿಯದ ಬೆನಾಲ್ಲಾದಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆದಾಗಲೂ ಇದೇ ಪದ್ಧತಿ. ಜರ್ಮನಿಯಲ್ಲಿ ಹುಟ್ಟಿ ಆಸ್ಟ್ರೇಲಿಯದಲ್ಲಿ ನೆಲೆಸಿದ ಇಂಗೋ ರೆನ್ನರ್ ಆ ಸಲ ಓಪನ್ ಕ್ಲಾಸ್ ಗೆದ್ದರು. ಅದು ಅವರ ನಾಲ್ಕನೆಯ ವಿಶ್ವ ಪಟ್ಟ.

ಗ್ಲೈಡರ್‌ಗಳು ದಿಗಂತ ದಾಟಿದ ಮೇಲೆ ಕೆಳಗಿದ್ದ ನಮಗೆ ಏನೂ ಗೊತ್ತಾಗುತ್ತಿರಲಿಲ್ಲ. ಟ್ರೇಲರ್ ಪಕ್ಕದ ನೆರಳಲ್ಲಿ ಕುಳಿತು ನೊಣ ಓಡಿಸುವುದು. ಗಾಳಿ ಕೈಕೊಟ್ಟು ಯಾರಾದರೂ ಹೊಲದಲ್ಲಿ ಇಳಿದರೆ, ರೈತನ ಮನೆಯಿಂದ ಫೋನ್ ಬಂದಾಗಲೇ ಸುದ್ದಿ.

ಈ ಆಟದ ತಿರುಳು ಹುಡುಕಾಟ. ಎಂಜಿನ್ ಇಲ್ಲದ ವಿಮಾನಕ್ಕೆ ನೆಲದಿಂದ ಮೇಲೇಳುವ ಬಿಸಿಗಾಳಿಯೇ, ಅಂದರೆ ಥರ್ಮಲ್ಲೇ, ಗತಿ. ಅದು ಕಣ್ಣಿಗೆ ಕಾಣದು. ಹುಡುಕಿಕೊಂಡವನು ಅದರೊಳಗೆ ಸುತ್ತುತ್ತಾ ಏರುತ್ತಾನೆ; ಹಿಂದಿನಿಂದ ಬಂದವನು ಅವನು ಸುತ್ತುವುದನ್ನು ಕಂಡು ಹುಡುಕುವ ಶ್ರಮವಿಲ್ಲದೆ ಅಲ್ಲಿಗೇ ಬಂದು ಸೇರುತ್ತಾನೆ. ಹಾಗಾಗಿ ಯಾರಿಗೂ ಮೊದಲು ಹೊರಡುವ ಉಮೇದಿಲ್ಲ. ಎಲ್ಲರೂ ಆರಂಭದ ಗೆರೆಯ ಹಿಂದೆ ಸುತ್ತು ಹಾಕುತ್ತಾ ಒಬ್ಬರ ಮುಖ ಒಬ್ಬರು ನೋಡುವುದು. ಬೇರೆಯವರ ಬೆನ್ನು ಹಿಡಿದು ಹೋಗುವ ಚಾಳಿ ಆಗಲೂ ಇತ್ತು. ಆದರೆ ಬೆನ್ನು ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ನೀವೂ ಹಾರುತ್ತಿರಬೇಕಿತ್ತು. ಅದಕ್ಕೂ ಒಂದು ಕಸುಬು ಬೇಕು.

ತೊಂಬತ್ತರ ದಶಕದಲ್ಲಿ ಜಿಪಿಎಸ್ ರೆಕಾರ್ಡರ್ ಬಂದು ಕ್ಯಾಮೆರಾ ಮೂಲೆ ಸೇರಿತು. ದಾಖಲೆ ತೆರೆಯುತ್ತಿದ್ದುದು ಇಳಿದ ಮೇಲೆ, ಆಟಕ್ಕೆ ಅದರಿಂದ ತೊಂದರೆಯಿರಲಿಲ್ಲ. ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ, ಅದೂ ಒಳ್ಳೆಯ ಉದ್ದೇಶದ ಯಂತ್ರದಿಂದ. ಒಂದೇ ಥರ್ಮಲ್ಲಿನಲ್ಲಿ ಹತ್ತಿಪ್ಪತ್ತು ಗ್ಲೈಡರ್ ಸುತ್ತುವಾಗ ಡಿಕ್ಕಿಯಾಗಿ ಸತ್ತವರಿದ್ದಾರೆ. ಅದನ್ನು ತಪ್ಪಿಸಲು 2004ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಫ್ಲಾರ್ಮ್ ಹುಟ್ಟಿತು. ತಾನೆಲ್ಲಿದ್ದೇನೆ, ಎತ್ತ ಸಾಗುತ್ತಿದ್ದೇನೆ ಎಂದು ರೇಡಿಯೊದಲ್ಲಿ ಸಾರುತ್ತಲೇ ಇರುವ ಡಬ್ಬಿ ಅದು. ನಮ್ಮಲ್ಲಿ ಬೇಗ ಹಬ್ಬಿತು. ಅದಿಲ್ಲದೆ ಹಾರಲು ನನಗೆ ಇವತ್ತು ಭಯ. ಆದರೆ ಮುಂದಿನವನು ಎಷ್ಟು ವೇಗದಲ್ಲಿ ಏರುತ್ತಿದ್ದಾನೆ ಎನ್ನುವುದನ್ನೂ ಪರದೆ ತೋರಿಸತೊಡಗಿದಾಗ, ಎಚ್ಚರಿಕೆಯ ಗಂಟೆ ಬೇಹುಗಾರಿಕೆಗೂ ಒದಗಿತು. ಮಾಹಿತಿ ಮರೆಮಾಡುವ ಸ್ಟೆಲ್ತ್ ಮೋಡ್ ತಂದರು. ಜೀವ ಉಳಿಸುವ ಡಬ್ಬಿಯನ್ನು ಅರೆಗುರುಡು ಮಾಡುವುದು ಸರಿಯೇ ಎಂದು ಅದಕ್ಕೂ ಜಗಳ.

ಅಷ್ಟರಲ್ಲಿ ಹವ್ಯಾಸಿಗಳು ಟಿವಿ ನೋಡುವ ಅಗ್ಗದ ಯುಎಸ್‌ಬಿ ಡಾಂಗಲ್ಲನ್ನು ರಾಸ್ಪ್‌ಬೆರಿ ಪೈ ಕಂಪ್ಯೂಟರಿಗೆ ಚುಚ್ಚಿ, ನೆಲದಿಂದಲೇ ಈ ಸಂಕೇತ ಹಿಡಿದು ಓಪನ್ ಗ್ಲೈಡರ್ ನೆಟ್‌ವರ್ಕ್ ಕಟ್ಟಿದರು. ಸ್ಪರ್ಧೆಗಳಲ್ಲಿ ಸಂಘಟಕರೇ ಟ್ರ್ಯಾಕರ್ ಕೊಡತೊಡಗಿದರು. ಮನೆಯಲ್ಲಿ ಕೂತ ಹೆಂಡತಿ ಮಕ್ಕಳೂ ಆಟ ನೋಡುವಂತಾಯಿತು. ಇದನ್ನು ನಾನು ಹಗುರಾಗಿ ಹೇಳುವುದಿಲ್ಲ. ಕತ್ತಲಾದರೂ ಫೋನ್ ಬಾರದೆ ಕುಳಿತ ಸಂಜೆಗಳು ನನಗೆ ಗೊತ್ತು.

ಒಂದು ಸ್ಪರ್ಧೆಯಲ್ಲಿ ಪರಿಚಯದವರ ಕ್ಯಾರವಾನಿಗೆ ಚಹಾಕ್ಕೆ ಹೋಗಿದ್ದೆ. ಮೇಜಿನ ಮೇಲೆ ಲ್ಯಾಪ್‌ಟಾಪ್, ಹೊರಗೆ ಕಂಬಕ್ಕೆ ಕಟ್ಟಿದ ಆಂಟೆನಾ. ನಿವೃತ್ತ ಹಿರಿಯರೊಬ್ಬರು ಕನ್ನಡಕ ಮೂಗಿನ ತುದಿಗಿಳಿಸಿ ಎದುರಾಳಿಗಳ ಏರುವ ವೇಗ ಓದುತ್ತಿದ್ದರು. ಒಬ್ಬನಿಗೆ ಒಳ್ಳೆಯ ಥರ್ಮಲ್ ಸಿಕ್ಕಿದ್ದೇ ತಡ, ರೇಡಿಯೊದ ಗುಂಡಿ ಒತ್ತಿ ಎರಡು ಅಂಕೆ ಹೇಳಿ ಬಿಟ್ಟರು. ಕೇಳಿದವರಿಗೆ ಹವಾಮಾನ ಹೇಳಿದಂತಿತ್ತು. ನನಗೆ ಚಹಾ ರುಚಿಸಲಿಲ್ಲ.

ಇದಕ್ಕೆ ಮದ್ದೆಂದು ಬಂದದ್ದು ವಿಳಂಬ: ಪರದೆಯಲ್ಲಿ ಕಾಣುವುದು ಸುಮಾರು 15 ನಿಮಿಷ ಹಳೆಯ ಆಕಾಶ. ಅಷ್ಟರೊಳಗೆ ಗ್ಲೈಡರ್ ಮೂವತ್ತು ಕಿಲೋಮೀಟರ್ ದಾಟಿರುತ್ತದೆ, ಥರ್ಮಲ್ ಸತ್ತೂ ಹೋಗಿರಬಹುದು. ಆದರೂ ಯಾವ ದಾರಿ ಫಲ ಕೊಟ್ಟಿತು, ಯಾವುದು ಕೈಕೊಟ್ಟಿತು ಎನ್ನುವುದು ಹಳೆಯ ಚಿತ್ರದಲ್ಲೂ ಚೆನ್ನಾಗಿಯೇ ತಿಳಿಯುತ್ತದೆ. ಇನ್ನು ವಿಳಂಬವೇ ಇಲ್ಲದ ಚಿತ್ರ ಸಿಕ್ಕರೆ? 2020ರ ಜನವರಿಯಲ್ಲಿ ನ್ಯೂ ಸೌತ್ ವೇಲ್ಸ್‌ನ ಲೇಕ್ ಕೀಪಿಟ್‌ನಲ್ಲಿ ನಡೆದ ಮಹಿಳೆಯರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಆತಿಥೇಯ ಆಸ್ಟ್ರೇಲಿಯ ತಂಡ ಅಂಥದನ್ನೇ ಬಳಸಿದ್ದು ಬಯಲಾಗಿ, ಅದರ ಪೈಲಟ್‌ಗಳ ಅಂಕಕ್ಕೆ ಕತ್ತರಿ ಬಿತ್ತು. ಬಾಗಿಲು ತೆರೆದೇ ಇತ್ತಲ್ಲ, ಬೀಗ ಒಡೆಯಲಿಲ್ಲವಲ್ಲ ಎಂದು ನಮ್ಮ ಕ್ಲಬ್ಬಿನಲ್ಲಿ ಕೆಲವರು ವಾದಿಸಿದರು. ನಾನು ಒಪ್ಪಲಿಲ್ಲ. ಆ ಬಾಗಿಲು ಉಳಿದ ತಂಡಗಳಿಗೂ ಗೊತ್ತಿತ್ತೇ ಎಂಬುದಷ್ಟೇ ನನ್ನ ಪ್ರಶ್ನೆ. ಆಂಟೆನಾ ನೆಡಲು ಜನ, ಪರದೆ ಕಾಯಲು ಜನ ಇರುವ ತಂಡಕ್ಕೂ, ಗಂಡನೋ ತಂಗಿಯೋ ಒಬ್ಬರನ್ನೇ ಜೊತೆಗೆ ಕರೆತಂದ ಪೈಲಟ್‌ಗೂ ಒಂದೇ ಆಟ ಹೇಗಾದೀತು?

ನನ್ನ ಮಟ್ಟಿಗೆ ಮುಚ್ಚಿಡುವ ಆಟ ಸಾಕು. ನೇರ ಚಿತ್ರವನ್ನು ಮೈದಾನದಲ್ಲೇ ದೊಡ್ಡ ಪರದೆಗೆ ಹಾಕಿ ಎಲ್ಲರಿಗೂ ತೋರಿಸಲಿ. ನಿಲ್ಲಿಸಬೇಕಾದದ್ದು ನೆಲದಿಂದ ಮೇಲಕ್ಕೆ ಹೋಗುವ ಮಾತು. ನಮ್ಮ ಒಂದು ಸಣ್ಣ ಸ್ಪರ್ಧೆಯಲ್ಲಿ ಹೀಗೇ ಮಾಡಿದೆವು. ನೆಲದ ರೇಡಿಯೊ ಬಂದ್, ಪೈಲಟ್‌ಗಳ ಫೋನು ಅಂಟಿಸಿದ ಲಕೋಟೆಯಲ್ಲಿ, ಆಪತ್ತಿಗೆ ಮಾತ್ರ ಹರಿಯಬಹುದು. ಎರಡನೇ ದಿನ ಒಬ್ಬ ಹುಡುಗ ಬಂದು, ನಕ್ಷೆ, ಎತ್ತರದ ಲೆಕ್ಕ ಎಲ್ಲ ನನಗೆ ಈ ಫೋನಿನಲ್ಲೇ ಇದೆ, ಲಕೋಟೆಗೆ ಹಾಕಿದರೆ ಹಾರುವುದು ಹೇಗೆ ಎಂದ. ಹಾಗಾದರೆ ಏರ್‌ಪ್ಲೇನ್ ಮೋಡ್ ಹಾಕಿ ತೋರಿಸು ಎಂದೆ. ಹಾಕಿ ತೋರಿಸಿದ. ಮೇಲೆ ಹೋದ ಮೇಲೆ ಏನು ಮಾಡಿದನೋ, ಅವನಿಗೇ ಗೊತ್ತು.