ಒರೆಸಿದರೂ ಹೋಗದ ಮಂಜು

ಕಿಟಕಿ ಗಾಜಿಗೆ ಮಂಜು ಕಟ್ಟಿದರೆ ಬಟ್ಟೆ ತಗೊಂಡು ಒರೆಸುತ್ತೇವೆ. ಒಳಗಿನಿಂದ ಒರೆಸಿದರೂ ಹೋಗಲಿಲ್ಲ, ಹೊರಗಿನಿಂದ ಒರೆಸಿದರೂ ಹೋಗಲಿಲ್ಲ ಅಂದರೆ ಏನು ಮಾಡೋದು? ಮಲೆಬೆನ್ನೂರಿನ ನಮ್ಮ ಮನೆಯಲ್ಲಿ ಹೋದ ಮಳೆಗಾಲದಲ್ಲಿ ಆಗಿದ್ದು ಇದೇ.

ನಮ್ಮದು ಹರಿಹರ–ಶಿವಮೊಗ್ಗ ರಸ್ತೆಗೆ ಅಂಟಿಕೊಂಡ ಮನೆ. ಭತ್ತದ ಕೊಯ್ಲು ಶುರುವಾದರೆ ರಾತ್ರಿಯೆಲ್ಲ ಲಾರಿ, ಟ್ರ್ಯಾಕ್ಟರ್ ಸದ್ದು. ಅದರ ಮೇಲೆ ಗಾಳಿಗೆ ತೇಲಿ ಬರುವ ಹೊಟ್ಟಿನ ಬೂದಿ. ಅಪ್ಪನಿಗೆ ದಮ್ಮು. ಹಾಗಾಗಿ ಬೆಂಗಳೂರಿನಲ್ಲಿರುವ ನಮ್ಮಣ್ಣ ಅಪ್ಪನ ಕೋಣೆಗೆ ಎರಡು ಪದರದ ಗಾಜಿನ ಕಿಟಕಿ ಹಾಕಿಸಿದ. ಸದ್ದು ಇಳಿಯಿತು, ಬೂದಿ ನಿಂತಿತು, ಅಪ್ಪ ರಾತ್ರಿ ನಿದ್ದೆ ಮಾಡಿದರು. ಸೊಂಟದ ಮೂಳೆ ಮುರಿದ ಮೇಲೆ ಅವರು ಹೊರಗೆ ಹೋಗುವುದಿಲ್ಲ. ಬಸ್ಸಿಗೆ ಹೋಗುವವರು, ಗದ್ದೆಗೆ ಹೋಗುವವರು ಎಲ್ಲರೂ ಆ ಗಾಜಿನಾಚೆಯಿಂದಲೇ ಕೈ ಎತ್ತುತ್ತಾರೆ. ಅಪ್ಪನ ಊರು ಈಗ ಅಷ್ಟೇ ಅಗಲ.

ನಾಲ್ಕನೇ ಮಳೆಗಾಲಕ್ಕೆ ಎರಡು ಗಾಜಿನ ನಡುವೆ ಹಬೆ ಕಾಣಿಸಿತು. ಮೊದಮೊದಲು ಹತ್ತು ಗಂಟೆಯ ಬಿಸಿಲಿಗೆ ಮಾಯವಾಗುತ್ತಿತ್ತು. ಆಮೇಲೆ ಮಧ್ಯಾಹ್ನವೂ ಹೋಗಲಿಲ್ಲ. ಅಂಚಿನಲ್ಲಿ ಬಿಳಿ ಕಲೆ ಕೂತಿತು. "ಯಾರು ಹೋದ್ರು ಅಂತ ತಿಳಿಯೋದೇ ಇಲ್ಲ" ಅಂತ ಅಪ್ಪ ಗೋಡೆ ಕಡೆ ಮುಖ ಮಾಡಿ ಮಲಗಲು ಶುರು ಮಾಡಿದರು.

ಒಬ್ಬರು "ಸಣ್ಣ ತೂತು ಹಾಕ್ರಿ, ಗಾಳಿ ಆಡ್ಲಿ" ಅಂದರು. ನೋಡಲು ಬಂದ ಕೆಲಸಗಾರ ಪೂರ್ತಿ ಕಿಟಕಿಯನ್ನೇ ಬದಲಿಸಬೇಕು ಅಂದ. ಅವನು ಹೇಳಿದ ದುಡ್ಡು ಕೇಳಿ ಅಮ್ಮ, "ಹಳೇ ಮರದ ಕಿಟಕಿನೇ ಹಾಕಿಸ್ರಿ" ಅಂದಳು. ಹಾಗೆ ಮಾಡಿದರೆ ಬೂದಿ ಮತ್ತೆ ಒಳಗೆ ಬರುತ್ತದೆ. ಕಾಣುವುದು ಬೇಕೋ, ಉಸಿರಾಡುವುದು ಬೇಕೋ ಅನ್ನುವ ಹಾಗಾಯಿತು. ಅದಕ್ಕೇ ನಾವು ಈ ಗಾಜಿನ ಒಳಗುಟ್ಟು ಹುಡುಕಿದೆವು.

ಚಳಿ ದೇಶಗಳಿಗೆ ಇದು ಹೊಸದಲ್ಲ. ಅಮೆರಿಕದ ಥಾಮಸ್ ಸ್ಟೆಟ್ಸನ್ 1865ರಲ್ಲೇ ಇಂಥ ಗಾಜಿಗೆ ಪೇಟೆಂಟ್ ಪಡೆದಿದ್ದ. ಎರಡು ಗಾಜಿನ ನಡುವೆ ಸುತ್ತಲೂ ಒಂದು ಟೊಳ್ಳು ಪಟ್ಟಿ ಇರುತ್ತದೆ. ಅದರೊಳಗೆ ತೇವ ಹೀರುವ ಸಣ್ಣ ಕಾಳುಗಳು. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಪುಟ್ಟ ಪೊಟ್ಟಣದ್ದೂ ಇದೇ ಕೆಲಸ. ಅಂಚಿಗೆಲ್ಲ ಗಾಳಿ ನುಗ್ಗದ ಹಾಗೆ ಅಂಟು ಹಾಕಿರುತ್ತಾರೆ. ಅಂಟು ಬಿಟ್ಟರೆ ತೇವದ ಗಾಳಿ ಒಳಗೆ ಹೋಗುತ್ತದೆ, ಕಾಳುಗಳು ಹೀರಿ ಹೀರಿ ಸೋಲುತ್ತವೆ. 30 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿ ಹಿಡಿಯಬಲ್ಲದು, 20 ಡಿಗ್ರಿಗೆ ಇಳಿದರೆ ಸುಮಾರು 17 ಗ್ರಾಂ ಮಾತ್ರ. ಹೆಚ್ಚಾದದ್ದು ತಣ್ಣನೆಯ ಗಾಜಿಗೆ ಹನಿಯಾಗಿ ಕೂರುತ್ತದೆ.

ಇದನ್ನು ಓದಿ ಹೇಳಿದಾಗ ಅಪ್ಪ ನಕ್ಕರು. "ಹಸಿ ಭತ್ತದ ರಾಶಿಗೆ ತಾಡಪಾಲು ಮುಚ್ಚಿದ್ರೆ ಬೆಳಿಗ್ಗೆ ಒಳಗಡೆ ನೀರು ಹನಿಯಂಗಿಲ್ಲೇನು? ಮಳೆ ಬಂದಿರಂಗಿಲ್ಲ, ಆದ್ರೂ ತಾಡಪಾಲು ಬೆವರತೈತಿ. ಅದಕ್ಕಲ್ಲೇನು ಖರೀದಿ ಕೇಂದ್ರದಾಗೆ ತೇವ 17 ಪರ್ಸೆಂಟ್ ದಾಟಿದ್ರೆ ಬ್ಯಾಡ ಅನ್ನೋದು." ಭದ್ರಾ ನೀರಲ್ಲಿ ಭತ್ತ ಬೆಳೆದವರಿಗೆ ಇದು ಹೊಸ ಪಾಠವಲ್ಲ.

ನಮ್ಮ ಕಿಟಕಿಯ ಅಂಟು ಬೇಗ ಹೋಗಲು ಕಾರಣವೂ ಸಿಕ್ಕಿತು. ಚೌಕಟ್ಟಿನ ಕೆಳಗೆ ಹೊರಮುಖವಾಗಿ ಸಣ್ಣ ಕಂಡಿಗಳಿರುತ್ತವೆ, ಒಳಗೆ ಇಳಿದ ಮಳೆನೀರು ಹರಿದು ಹೋಗಲಿ ಅಂತ. ಹಾಕಿ ಹೋದವರು ಅದರ ಸುದ್ದಿಯನ್ನೇ ಎತ್ತಿರಲಿಲ್ಲ. ಬೂದಿ, ಧೂಳು ಸೇರಿ ಕಂಡಿಗಳು ಸಿಮೆಂಟಿನ ಹಾಗೆ ಕಟ್ಟಿದ್ದವು. ಗಾಜಿನ ಕೆಳ ಅಂಚು ತಿಂಗಳುಗಟ್ಟಲೆ ನೀರಲ್ಲೇ ನಿಂತಿತ್ತು.

ಕೊನೆಗೆ ಚೌಕಟ್ಟು ಹಾಗೇ ಉಳಿಯಿತು. ಅಗಲ, ಎತ್ತರ, ಒಟ್ಟು ದಪ್ಪ ಅಳೆದು ದಾವಣಗೆರೆಯ ಒಂದು ಗಾಜಿನ ಅಂಗಡಿಗೆ ಕೊಟ್ಟೆವು. ಹೊಸ ಜೋಡಿ ಗಾಜು ಬಂದ ದಿನ ಹಳೆಯದನ್ನು ತೆಗೆದು ಕೂರಿಸಲು ಒಂದು ತಾಸೂ ಹಿಡಿಯಲಿಲ್ಲ. ಪೂರ್ತಿ ಕಿಟಕಿಗೆ ಕೇಳಿದ್ದರ ಅರ್ಧಕ್ಕಿಂತ ಕಡಿಮೆ ಖರ್ಚಾಯಿತು.

ಊರಲ್ಲಿ ಈಗ ಇಂಥ ಕಿಟಕಿಗಳು ಒಂದೊಂದಾಗಿ ಬರುತ್ತಿವೆ. ನಿಮ್ಮ ಮನೆಯಲ್ಲೂ ಇದ್ದರೆ ಮೊದಲು ಬೆರಳಿಂದ ಒರೆಸಿ ನೋಡಿ. ಒಳಮುಖದಲ್ಲಿ ಒದ್ದೆಯಾದರೆ ಅದು ಕೋಣೆಯ ತೇವ, ಗಾಳಿ ಆಡಲು ಬಿಡಿ. ಹೊರಮುಖದಲ್ಲಾದರೆ ಬರೀ ಇಬ್ಬನಿ, ಚಿಂತೆ ಬೇಡ. ನಡುವೆ ಇದ್ದರೆ ಮಾತ್ರ ಅಂಟು ಹೋಗಿದೆ ಅಂತ ಅರ್ಥ. ತೂತು ಹಾಕಿದರೆ ಹನಿ ಒಣಗಬಹುದು, ಆದರೆ ಅಂಟು ಮತ್ತೆ ಕೂಡುವುದಿಲ್ಲ. ಕೊಳ್ಳುವಾಗ ಗಾಜಿಗೆ ಎಷ್ಟು ವರ್ಷದ ಗ್ಯಾರಂಟಿ ಅಂತ ಬಿಲ್ಲಿನ ಮೇಲೇ ಬರೆಸಿಕೊಳ್ಳಿ. ಮಳೆಗಾಲಕ್ಕೆ ಮುಂಚೆ ಒಂದು ತೆಂಗಿನ ಕಡ್ಡಿ ಹಿಡಿದು ಕೆಳಗಿನ ಕಂಡಿಗಳನ್ನು ಬಿಡಿಸಿ, ಒಂದು ಲೋಟ ನೀರು ಹಾಕಿ ಹೊರಗೆ ಬರುತ್ತದಾ ನೋಡಿ. ಆ ಕೆಲಸಕ್ಕೆ ದುಡ್ಡು ಬೇಡ, ಐದು ನಿಮಿಷ ಸಾಕು.