ಭಾಗ 5: ಕಬ್ಬು ಒಣಗಿತ್ತು, ಹೊಂಗೆ ಹಸಿರಾಗೇ ಇತ್ತು

ಮೊದಲ ಫೋಟೋ 2023ರ ನವೆಂಬರ್‌ದು. ಬೆಂಕಿ ಬಿದ್ದಿರೋದಲ್ಲ, ನೀರಿಲ್ಲದೆ ಒಣಗಿರೋ ನಮ್ಮ ಕಬ್ಬು.

ನಮ್ದು ಮಂಡ್ಯ ಜಿಲ್ಲೆ, ವಿ.ಸಿ. ನಾಲೆಯ ಕೊನೇ ಭಾಗ. ಆ ವರ್ಷ ಮುಂಗಾರು ಕೈಕೊಟ್ಟಿತು. ಕೆಆರ್‌ಎಸ್ 124.80 ಅಡಿ ಮುಟ್ಟಲೇ ಇಲ್ಲ. ಮೇಲಿನ ಊರುಗಳಿಗೆ ಒಂದೆರಡು ಕಟ್ಟು ನೀರಾದ್ರೂ ಸಿಕ್ತು, ನಮ್ಮ ತನಕ ಬರಲಿಲ್ಲ. ಎಕರೆಗೆ 40 ಟನ್ ಕೊಡ್ತಿದ್ದ ಗದ್ದೆ 17 ಟನ್ ಕೊಡ್ತು. ನನ್ನ ಫೀಸು ಕಟ್ಟಿದ್ದು ಅವ್ವನ ಓಲೆ ಅಡ ಇಟ್ಟು. ಇದನ್ನ ಇಲ್ಲಿ ಮೊದಲ ಸಲ ಹೇಳ್ತಿದ್ದೀನಿ.

ಈಗ ನಿಮ್ಮ ಗಾಡಿ ವಿಷಯಕ್ಕೆ ಬರೋಣ. ಬಂಕ್‌ನಲ್ಲಿ ಇ20 ಅಂತ ಬರೆದಿರ್ತಾರಲ್ಲ, ಅಂದ್ರೆ 100 ಲೀಟರ್‌ನಲ್ಲಿ 20 ಲೀಟರ್ ಎಥೆನಾಲ್. ಅದು ಕಬ್ಬಿನ ಹಾಲು, ಕಾಕಂಬಿ, ಮೆಕ್ಕೆಜೋಳ, ಅಕ್ಕಿಯಿಂದ ಬರತ್ತೆ. 2023ರ ಡಿಸೆಂಬರ್‌ನಲ್ಲಿ ಸಕ್ಕರೆ ಸಾಲದೆ ಹೋದೀತು ಅಂತ ಕೇಂದ್ರ ಸರ್ಕಾರ ಕಬ್ಬಿನ ಹಾಲಿಂದ ಎಥೆನಾಲ್ ಮಾಡೋದನ್ನ ತಡೀತು. ಕೆಲವೇ ದಿನಕ್ಕೆ ಮಿತಿ ಹಾಕಿ ಸಡಿಲಿಸಿತು. ಮಳೆ ತಪ್ಪಿದ್ದು ಹೊಲದಲ್ಲಿ, ನಿಯಮ ಬದಲಾಗಿದ್ದು ದೆಹಲಿಯಲ್ಲಿ.

ಬಿಕಾಂನಲ್ಲಿ ನಮಗೆ ಹೇಳಿಕೊಡೋದು: ಎಲ್ಲ ದುಡ್ಡನ್ನೂ ಒಂದೇ ಕಡೆ ಹಾಕಬೇಡಿ. ನಮ್ಮ ಜಿಲ್ಲೆಯ ಲೆಕ್ಕ ನೋಡಿ. ಕಬ್ಬಿನಿಂದ ಎಥೆನಾಲ್. ಕಬ್ಬಿನ ಸಿಪ್ಪೆ ಉರಿಸಿ ಕಾರ್ಖಾನೆಗಳಲ್ಲಿ ಕರೆಂಟ್. 1902ರಿಂದ ಶಿವನಸಮುದ್ರದಲ್ಲಿ ನೀರಿನ ಕರೆಂಟ್. ನೋಡೋಕೆ ಮೂರು ಖಾತೆ. ಆದ್ರೆ ಮೂರಕ್ಕೂ ದುಡ್ಡು ಹಾಕೋದು ಒಂದೇ ಮಳೆ. ಅದು ಕೈಕೊಟ್ರೆ ಮೂರೂ ಒಟ್ಟಿಗೇ ಇಳಿಯತ್ತೆ.

ಎರಡನೇ ಫೋಟೋಗೆ ಸ್ವೈಪ್ ಮಾಡಿ. ಅದೇ ಗದ್ದೆ ಬದುವಿನ ಹೊಂಗೆ ಮರಗಳು, ತಾತ ನೆಟ್ಟಿದ್ದು. ಬೇರು ಆಳಕ್ಕೆ ಹೋಗಿರೋದ್ರಿಂದ ಆ ಬರದಲ್ಲೂ ಹಸಿರು. ಹೊಂಗೆ ಎಣ್ಣೆಯಿಂದ ಬಯೋಡೀಸೆಲ್ ಮಾಡಬಹುದು. ಹಾಸನದ ಮಡೆನೂರಿನಲ್ಲಿ ಜೈವಿಕ ಇಂಧನ ಪಾರ್ಕೇ ಇದೆ.

ಹಾಗಂತ ಕಬ್ಬು ಕಿತ್ತು ಹೊಂಗೆ ಹಾಕಿ ಅಂತ ನಾನು ಹೇಳಲ್ಲ. ಗಿಡ ಕಾಯಿ ಬಿಡೋಕೆ ವರ್ಷಗಳು ಬೇಕು, ಆಯೋದಕ್ಕೆ ಜನ ಬೇಕು. 2024ರ ಏಪ್ರಿಲ್‌ನಲ್ಲಿ ಅಜ್ಜಿ ನಾಲ್ಕು ದಿನ ಬಗ್ಗಿ ಬಗ್ಗಿ ಆಯ್ದ ಬೀಜಕ್ಕೆ ಬಂದಿದ್ದು ಒಂದು ಗ್ಯಾಸ್ ಸಿಲಿಂಡರ್ ದುಡ್ಡೂ ಅಲ್ಲ. ನೆರಳು ಕಬ್ಬಿನ ಮೇಲೆ ಬೀಳತ್ತೆ ಅಂತ ಅಪ್ಪ ಮರಗಳನ್ನ ಸೌದೆ ವ್ಯಾಪಾರಿಗೆ ಕೊಡೋಕೂ ಮಾತಾಡಿದ್ರು.

ಆ ಮಳೆಗಾಲಕ್ಕೆ ಕೆಆರ್‌ಎಸ್ ತುಂಬ್ತು. ಅಪ್ಪ ಮತ್ತೆ ಕಬ್ಬು ನಾಟಿ ಮಾಡಿದ್ರು. ನಾನು ಬೇಡ ಅನ್ನಲಿಲ್ಲ, ಕೊಳ್ಳೋರು ಇರೋದು ಅದಕ್ಕೇ. ಕೇಳಿಕೊಂಡಿದ್ದು ಎರಡೇ: ಅರ್ಧ ಎಕರೆ ರಾಗಿ ಇರಲಿ, ಮರ ಕಡಿಯೋದು ಬೇಡ.

"ನಿನ್ನ ಓದಿನ ಲೆಕ್ಕನಾ ಇದು?" ಅಂದ್ರು. ಹೂಂ ಅಂದೆ. ಮರ ಇನ್ನೂ ಅಲ್ಲೇ ಇವೆ. ಓಲೆ ಇನ್ನೂ ಬಿಡಿಸಿಕೊಂಡಿಲ್ಲ.

2023ರಲ್ಲಿ ನಿಮ್ಮೂರಲ್ಲಿ ಏನು ಒಣಗಿತು, ಏನು ಉಳೀತು? ಕಾಮೆಂಟಲ್ಲಿ ಹೇಳಿ, ಓದ್ತೀನಿ.

#ಮಂಡ್ಯ #ಕಬ್ಬು #ಹೊಂಗೆ #ಬದುವಿನಲೆಕ್ಕ