ಸೈನೈಡ್ ಗುಡ್ಡದಿಂದ ಹೆದ್ದಾರಿಯ ಏರಿಗೆ

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲು ಕೋರಮಂಡಲ್ ದಾಟಿದ ಮೇಲೆ ಸೈನೈಡ್ ಗುಡ್ಡಗಳು ಎದುರಾಗುತ್ತವೆ. ನೆತ್ತಿ ಚಪ್ಪಟೆ, ಬಣ್ಣ ಬೂದಿಗೂ ಹಳದಿಗೂ ನಡುವಿನದು, ಮೈತುಂಬ ಮಳೆನೀರು ಕೊರೆದ ಸೀಳು. ಸಿನಿಮಾದವರ ಕಣ್ಣಿಗೆ ಇವು ಚೆನ್ನಾಗಿಯೇ ಬಿದ್ದವು. ರಸ್ತೆ ಮಾಡುವವರ ಕಣ್ಣಿಗೆ ಬೀಳಲಿಲ್ಲ. 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿ (ಕೆಜಿಎಫ್) ಮುಚ್ಚುವವರೆಗೆ ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ಬಳಸಿ ಚಿನ್ನ ತೆಗೆದು, ಮಿಕ್ಕದ್ದನ್ನು ಸುರಿದ ರಾಶಿಯಿದು: 13 ದಿಬ್ಬ, 3 ಕೋಟಿ ಟನ್ನಿಗೂ ಮೇಲೆ. ಇಲ್ಲಿಂದ ಬೇತಮಂಗಲದ ಕಡೆ ಹೊರಳಿದರೆ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಸಿಗುತ್ತದೆ. ಏರಿಗೆ ಮಣ್ಣು ಬೇರೆಡೆ ಅಗೆದದ್ದು, ಜಲ್ಲಿ ಬಂಡೆ ಒಡೆದದ್ದು. ಗುಡ್ಡ, ಹೆದ್ದಾರಿ ಎರಡನ್ನೂ ಒಂದೇ ಹಗಲಲ್ಲಿ ನೋಡಿದವರಿಗೆ ಲೆಕ್ಕ ಎಲ್ಲೋ ತಪ್ಪಿದೆ ಅನಿಸದೆ ಇರದು.

ಪರಿಸರಸ್ನೇಹಿ ರಸ್ತೆ ಎಂದರೆ ನಮ್ಮಲ್ಲಿ ಡಾಂಬರಿಗೆ ಪ್ಲಾಸ್ಟಿಕ್ ಬೆರೆಸುವ ಮಾತೇ ಮೊದಲು. ಬೆಂಗಳೂರಿನಲ್ಲಿ ಆ ಕೆಲಸ 2002ರ ಹೊತ್ತಿಗೇ ಶುರುವಾಯಿತು, ಒಳ್ಳೆಯದೇ. ಆದರೆ ಅದು ಮೇಲಿನ ತೆಳು ಪದರದ ವಿಚಾರ. ರಸ್ತೆಯ ಭಾರವೆಲ್ಲ ಇರುವುದು ಕೆಳಗಿನ ಮಣ್ಣು, ಜಲ್ಲಿಯಲ್ಲಿ. ಅದು ಯಾವ ಬೆಟ್ಟದ್ದು ಎಂದು ಕೇಳದೆ ರಸ್ತೆಗೆ ಹಸಿರು ಪಟ್ಟ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ.

ಸೈನೈಡ್ ಗುಡ್ಡದ ಮಣ್ಣನ್ನೇ ರಸ್ತೆಯ ಏರಿಗೆ ಬಳಸೋಣ ಎಂದರೆ, ವಿಷದ ಮಣ್ಣನ್ನು ಊರೂರಿಗೆ ಹಂಚುತ್ತೀರಾ ಎಂಬ ಆಕ್ಷೇಪ ಹಗುರವಾದದ್ದಲ್ಲ. ಸೈನೈಡ್ ಬಿಸಿಲು ಗಾಳಿಗೆ ಕಾಲಕ್ರಮೇಣ ಒಡೆದುಹೋಗುತ್ತದೆ, ಆರ್ಸೆನಿಕ್ ಹಾಗೆ ಹೋಗುವುದಿಲ್ಲ. ಹಾಗಾಗಿ ಪಾಲಾರ್ ದಂಡೆಗೂ ಕೆರೆಯಂಗಳಕ್ಕೂ ಇದು ಬೇಡವೇ ಬೇಡ; ಪ್ರತಿ ದಿಬ್ಬದ ಮಣ್ಣನ್ನೂ ಪರೀಕ್ಷಿಸಿಯೇ ಮುಟ್ಟಬೇಕು. ಆದರೆ ಈಗಿರುವಂತೆ ಬಿಟ್ಟರೂ ಅದು ಹಂಚಿಕೆಯಾಗುತ್ತಲೇ ಇದೆ: ಬೇಸಿಗೆಯಲ್ಲಿ ದೂಳಾಗಿ ಮನೆಗಳಿಗೆ, ಮಳೆಗಾಲದಲ್ಲಿ ಕೆಸರಾಗಿ ಹೊಲಗಳಿಗೆ. ಉಷ್ಣ ವಿದ್ಯುತ್ ಸ್ಥಾವರಗಳ ಹಾರುಬೂದಿಯನ್ನು ಏರಿಯ ಒಡಲಿಗೆ ತುಂಬಿ, ಇಕ್ಕೆಲಕ್ಕೂ ಮೇಲಕ್ಕೂ ಗಟ್ಟಿ ಮಣ್ಣು ಹೊದಿಸುವ ಕ್ರಮ ದೇಶದಲ್ಲಿ ಹೊಸದಲ್ಲ. ಬೂದಿ ಬಳಕೆಗೆ ಕೇಂದ್ರದ ಅಧಿಸೂಚನೆ ಬಂದದ್ದೇ 1999ರಲ್ಲಿ. ದಿಬ್ಬದ ಈ ಪುಡಿಗೂ ಅಂಥದ್ದೇ ಹೊದಿಕೆ ಬೇಕು, ಬರಿಮೈಯಲ್ಲಿಟ್ಟರೆ ಮೊದಲ ಮಳೆಗೇ ಕೊಚ್ಚಿಹೋಗುತ್ತದೆ. ಕೆಜಿಎಫ್‌ನಲ್ಲೇ ಇದ್ದ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆಯವರು ಇದರಿಂದ ಇಟ್ಟಿಗೆ ಮಾಡಿ ನೋಡಿ, 2007ರಲ್ಲಿ ಪ್ರಬಂಧವನ್ನೂ ಪ್ರಕಟಿಸಿದರು. ರಸ್ತೆಯವರು ಅಷ್ಟಾದರೂ ಮಾಡಬಹುದಿತ್ತು.

ದಿಬ್ಬದಲ್ಲಿ ಇನ್ನೂ ಚಿನ್ನವಿದೆ, ರಸ್ತೆಗೆ ಹಾಕುವುದುಂಟೇ ಎಂಬುದು ಇನ್ನೊಂದು ವಾದ. ಇದೆ, ಟನ್ನಿಗೆ ಗ್ರಾಮಿನ ಲೆಕ್ಕದಲ್ಲಿ. ಅದನ್ನು ತೆಗೆದರೂ ರಾಶಿ ಕರಗುವುದಿಲ್ಲ. 13 ದಿಬ್ಬಗಳ ಮರುಗಣಿಗಾರಿಕೆಗೆ ರಾಜ್ಯ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿದೆ. ಗುತ್ತಿಗೆ ಹಿಡಿದವರು ಮತ್ತೆ ಉಳಿಯುವ ಕೆಸರನ್ನು ಎಲ್ಲಿ ಹಾಕಬೇಕು, ಅದರಲ್ಲಿ ಎಷ್ಟು ಪಾಲು ಕೋಲಾರ ಜಿಲ್ಲೆಯ ರಸ್ತೆಗಳ ಏರಿಗೆ ಹೋಗಬೇಕು, ಪರೀಕ್ಷೆ ಯಾರ ಖರ್ಚಿನಲ್ಲಿ ಎಂಬುದನ್ನು ಕರಾರಿನಲ್ಲೇ ಬರೆಸಬೇಕು.